ಬಿಡಿಎಸ್ ಮುಗಿಸಿ ನೇರ ಸ್ವಂತ ಕ್ಲಿನಿಕ್ ತೆರೆಯಬಹುದಾ? ಕಾಲೇಜಲ್ಲಿ ಕಲಿತದ್ದು ಸಾಕಾ?

ಆಲೂರು_ಹುಡುಗಿ
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದ ಬಿಡಿಎಸ್ (ದಂತವೈದ್ಯ ಪದವಿ) ಮುಗಿಯಿತು, ಒಂದು ವರ್ಷದ ಇಂಟರ್ನ್‌ಶಿಪ್ ಕೂಡ ಮುಗಿಯಿತು. ಕೌನ್ಸಿಲ್ ನೋಂದಣಿ ಕೈಗೆ ಬಂದಿದೆ. ಆಲೂರಿನ ಮುಖ್ಯ ರಸ್ತೆಯಲ್ಲಿ ನಮ್ಮದೇ ಒಂದು ಮಳಿಗೆ ಇದೆ, ಬಾಡಿಗೆಯವರು ಖಾಲಿ ಮಾಡಿದ್ದಾರೆ. "ಇನ್ನೇನು ಯೋಚನೆ, ಚೇರ್ ತಂದು ಹಾಕು, ಬೋರ್ಡ್ ಬರೆಸು" ಅನ್ನುತ್ತಾರೆ ಅಪ್ಪ. ಅಮ್ಮನಿಗೆ ದೀಪಾವಳಿ ಒಳಗೆ ಪೂಜೆ ಆಗಿಬಿಡಬೇಕು.

ನನಗೆ ಧೈರ್ಯ ಸಾಲುತ್ತಿಲ್ಲ. ಮುಂದಿನ ಹಲ್ಲುಗಳ ರೂಟ್ ಕೆನಾಲ್ ಮಾಡಿದ್ದೇನೆ. ದವಡೆ ಹಲ್ಲು ಬಂದರೆ ಪಿಜಿಗಳ (ಎಂಡಿಎಸ್, ಅಂದರೆ ಸ್ನಾತಕೋತ್ತರ ಓದುವವರ) ಕಡೆ ಹೋಗುತ್ತಿತ್ತು. ಹಲ್ಲು ಕೀಳುವುದು ಬೇಕಾದಷ್ಟು ಆಗಿದೆ, ಆದರೆ ಬೇರು ಮುರಿದರೆ ಬೆನ್ನ ಹಿಂದೆ ಸರ್ ನಿಂತಿರುತ್ತಿದ್ದರು. ರೋಗಿಗೆ ಇಷ್ಟು ಖರ್ಚಾಗುತ್ತದೆ ಅಂತ ಬಾಯಿಬಿಟ್ಟು ಹೇಳಿದ್ದೇ ಇಲ್ಲ, ದುಡ್ಡೆಲ್ಲ ಕೌಂಟರಿನಲ್ಲಿ ಕಟ್ಟುತ್ತಿದ್ದರು. ಇದು ಎಲ್ಲರಿಗೂ ಇರುವ ಭಯವಾ, ಅಥವಾ ನಮ್ಮ ಓದೇ ಅರ್ಧಕ್ಕೆ ಬಿಟ್ಟು ಕಳಿಸುತ್ತದಾ? ಕ್ಲಿನಿಕ್ ಹಾಕಲಾ, ಯಾರ ಹತ್ತಿರವಾದರೂ ಅಸಿಸ್ಟೆಂಟ್ ಆಗಿ ಸೇರಲಾ, ಎಂಡಿಎಸ್‌ಗೆ ಓದಲಾ?

ಕಡೂರು_ಎಕ್ಸ್‌ಪ್ರೆಸ್
ಸ್ವಂತ ಮಳಿಗೆ, ಒಪ್ಪಿರುವ ಅಪ್ಪ. ಇದನ್ನೂ ಸಮಸ್ಯೆ ಅಂತೀರಲ್ಲ ಮೇಡಂ 😀

ಬಿಎಂ_ರಸ್ತೆ_ಡಾಕ್ಟರ್
ನೋಡಮ್ಮ, ಕಾನೂನಿನ ಪ್ರಕಾರ ನಿನಗೆ ಎಲ್ಲ ಮಾಡುವ ಹಕ್ಕಿದೆ. ಕೌನ್ಸಿಲ್‌ನಲ್ಲಿ ನೋಂದಣಿ ಆದಮೇಲೆ, ಮುಂದಿನ ಹಲ್ಲು ಮಾತ್ರ ಮುಟ್ಟು, ದವಡೆ ಹಲ್ಲು ಮುಟ್ಟಬೇಡ ಅಂತ ಯಾರೂ ಹೇಳುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಕಾಲೇಜಿನಲ್ಲಿ ರೋಗಿ ನಿನ್ನ ಚೇರ್‌ಗೆ ಬರುವ ಮೊದಲೇ ಸೋಸಿ ಕಳಿಸಿರುತ್ತಾರೆ. ಓರಲ್ ಮೆಡಿಸಿನ್ ವಿಭಾಗದಲ್ಲಿ ನೋಡುತ್ತಾರೆ, ಎಕ್ಸ್‌ರೇ ತೆಗೆಸುತ್ತಾರೆ, ಸುಲಭದ್ದು ಸ್ಟೂಡೆಂಟ್‌ಗೆ, ಕಷ್ಟದ್ದು ಪಿಜಿಗೆ. ಬಿಪಿ ಜಾಸ್ತಿ ಇರುವವರನ್ನು ಫಿಸಿಶಿಯನ್ ಹತ್ತಿರ ಕಳಿಸಿ ಚೀಟಿ ತರಿಸಿರುತ್ತಾರೆ. ನೀನು ಮಾಡಿದ್ದು ಆಮೇಲಿನ ಕೆಲಸ. ಕ್ಲಿನಿಕ್‌ನಲ್ಲಿ ಸೋಸುವವಳೂ ನೀನೇ. ಬಾಗಿಲು ತಳ್ಳಿಕೊಂಡು ಬಂದವನ ಬಾಯಲ್ಲಿ ಯಾವ ಹಲ್ಲನ್ನು ನೀನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು, ಇವತ್ತು ಬರೀ ಮಾತ್ರೆ ಕೊಟ್ಟು ಯಾರನ್ನು ಕಳಿಸಬೇಕು ಅನ್ನುವುದನ್ನು ಇಷ್ಟು ಕೇಸ್ ಮುಗಿಸಬೇಕು ಅನ್ನುವ ಕಾಲೇಜಿನ ಕೋಟಾ ಕಲಿಸುವುದಿಲ್ಲ. ಕೈಗೆ ತಕ್ಕಮಟ್ಟಿಗೆ ಅಭ್ಯಾಸ ಆಗಿರುತ್ತದೆ, ತೀರ್ಮಾನ ಮಾಡುವುದು ಮಾತ್ರ ಅಭ್ಯಾಸ ಆಗಿರುವುದಿಲ್ಲ.

ಹಾಗಾಗಿ ನಿನ್ನದು ಸುಮ್ನೆ ಭಯ ಅಲ್ಲ. ಒಂದೆರಡು ವರ್ಷ ಒಳ್ಳೆಯ ಕ್ಲಿನಿಕ್‌ನಲ್ಲಿ ಕೆಲಸ ಮಾಡು. ಮಳಿಗೆ ಎಲ್ಲೂ ಓಡಿಹೋಗುವುದಿಲ್ಲ.

ಮೂಡಿಗೆರೆ_ಮಳೆ
ಸರ್, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದು ಕ್ಲಿನಿಕ್ ಇಟ್ಟುಕೊಂಡವರು ಹೇಳುವ ಮಾತು. ಅಸಿಸ್ಟೆಂಟ್ ಅಂತ ಸೇರಿಸಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಸ್ಕೇಲಿಂಗ್ (ಹಲ್ಲು ಕ್ಲೀನ್) ಮಾಡಿಸುತ್ತೀರಿ. ಒಳ್ಳೆಯ ಕೇಸ್ ಬಂದರೆ ನೀವೇ ಕೂರುತ್ತೀರಿ, ನಾವು ಬಾಯಿಯ ನೀರು ಎಳೆಯುವ ಸಕ್ಷನ್ ಹಿಡಿಯಬೇಕು. ಸಂಬಳ ಕೇಳಿದರೆ "ಕಲಿಯುತ್ತಿದ್ದೀಯಲ್ಲ" ಅನ್ನುತ್ತೀರಿ. ನನ್ನ ಬ್ಯಾಚ್‌ನ ಅರ್ಧ ಜನ ಹೀಗೆ ಕಲಿತದ್ದು ಏನೂ ಇಲ್ಲ.

ನಾನು ಇಂಟರ್ನ್‌ಶಿಪ್ ಮುಗಿದ ಕೂಡಲೇ ಕ್ಲಿನಿಕ್ ಹಾಕಿದವನು. ಗೊತ್ತಿಲ್ಲದ್ದಕ್ಕೆ ಕನ್ಸಲ್ಟಂಟ್ ಕರೆಸುತ್ತಿದ್ದೆ. ಮಂಗಳೂರಿನಿಂದ ಎಂಡೋಡಾಂಟಿಸ್ಟ್ (ರೂಟ್ ಕೆನಾಲ್ ತಜ್ಞರು) ಬರುವ ದಿನ ದವಡೆ ಹಲ್ಲಿನವರನ್ನೆಲ್ಲ ಒಟ್ಟಿಗೆ ಕರೆಯುವುದು, ಪಕ್ಕದಲ್ಲಿ ನಿಂತು ನೋಡುವುದು. ನಾಲ್ಕನೇ ಕೆನಾಲ್ ಎಲ್ಲಿ ಅಡಗಿರುತ್ತದೆ, ಕೆನಾಲ್ ಉಜ್ಜುವ ಸೂಜಿಯಂಥ ಫೈಲ್ ಒಳಗೆ ಮುರಿದರೆ ಏನು ಮಾಡಬೇಕು, ಎಲ್ಲ ಕಲಿತದ್ದು ನನ್ನದೇ ಕ್ಲಿನಿಕ್‌ನಲ್ಲಿ. ಫೀಸ್‌ನಲ್ಲಿ ದೊಡ್ಡ ಪಾಲು ಅವರಿಗೆ ಹೋಗುತ್ತಿತ್ತು, ಹೋಗಲಿ ಬಿಡಿ.

ತಂಗಿ, ಧೈರ್ಯವಾಗಿ ಹಾಕು.

ಕಾಫಿ_ಕಣ
ನಾನು ಡಾಕ್ಟರ್ ಅಲ್ಲ, ಹಲ್ಲು ನೋವಿನ ಗಿರಾಕಿ. ಕಡೂರು ರಸ್ತೆಯಲ್ಲಿ ಕಾರು ಕಲಿತವನು ಮಳೆಗಾಲದ ರಾತ್ರಿ ಚಾರ್ಮಾಡಿ ಘಾಟಿ ಇಳಿಸಿದ ಹಾಗಾಯಿತು ಇದು. ಇಳಿಸಬಹುದು. ಹಿಂದಿನ ಸೀಟಿನಲ್ಲಿ ನಾನಿರುವುದಿಲ್ಲ.

ಮೂಡಿಗೆರೆ_ಮಳೆ
ಮಾರಾಯ್ರೆ, ಚಾರ್ಮಾಡಿ ಇಳಿಸದೆ ಚಾರ್ಮಾಡಿ ಇಳಿಸಲು ಕಲಿತವರು ಯಾರಿದ್ದಾರೆ?

ಲ್ಯಾಬ್_ಅಣ್ಣ_ಹಾಸನ
ನಾನು ಡೆಂಟಲ್ ಲ್ಯಾಬ್‌ನವನು. ಕ್ಯಾಪ್, ಬ್ರಿಡ್ಜ್, ಹಲ್ಲು ಸೆಟ್ ಮಾಡುತ್ತೇವೆ. ಬಂದ ಅಳತೆ ನೋಡಿದರೆ ಸಾಕು, ಕಳಿಸಿದವರು ಹೊಸಬರಾ ಹಳಬರಾ ಅಂತ ಗೊತ್ತಾಗುತ್ತದೆ.

ಕಾಲೇಜಲ್ಲಿ ಆಲ್ಜಿನೇಟ್ (ನೀರಲ್ಲಿ ಕಲಸುವ ಅಚ್ಚಿನ ಪುಡಿ) ಅಳತೆ ತೆಗೆದ ಕೂಡಲೇ ಪಕ್ಕದ ಟೇಬಲ್‌ನಲ್ಲೇ ಮಾಡೆಲ್‌ಗೆ ಸ್ಟೋನ್ (ಗಟ್ಟಿ ಪ್ಲಾಸ್ಟರ್) ಸುರಿಯುತ್ತಾರೆ. ಹೊಸಬರು ಅದೇ ಆಲ್ಜಿನೇಟನ್ನು ಒದ್ದೆ ಹತ್ತಿಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಸಕಲೇಶಪುರದಿಂದ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತಾರೆ. ಅದು ನೀರು ಬಿಟ್ಟುಕೊಂಡು ಕುಗ್ಗುತ್ತದೆ. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅದು ಆ ರೋಗಿಯ ಬಾಯಿಯ ಅಳತೆ ಆಗಿ ಉಳಿದಿರುವುದಿಲ್ಲ. ಆಮೇಲೆ ಕ್ಯಾಪ್ ಕೂರಲಿಲ್ಲ ಅಂದರೆ "ಲ್ಯಾಬ್ ಸರಿಯಿಲ್ಲ". ದೂರ ಕಳಿಸುವುದಾದರೆ ಪುಟ್ಟಿ, ಲೈಟ್ ಬಾಡಿ ಅನ್ನುವ ರಬ್ಬರಿನಂಥ ಅಚ್ಚು ಬಳಸಿ. ಆಲ್ಜಿನೇಟೇ ಆದರೆ ನೀವೇ ಮಾಡೆಲ್ ಸುರಿದು ಕಳಿಸಿ.

ಇನ್ನೊಂದು, ಬಣ್ಣ. ಶೇಡ್ ಹಗಲು ಬೆಳಕಲ್ಲಿ ನೋಡಿ, ರಾತ್ರಿ ಟ್ಯೂಬ್‌ಲೈಟ್ ಕೆಳಗಲ್ಲ. ಹಲ್ಲು ಅರೆದು ಒಣಗಿಸಿದ ಮೇಲೆ ಅದು ಬೆಳ್ಳಗೆ ಕಾಣುತ್ತದೆ, ಅದಕ್ಕೇ ಕೆಲಸ ಶುರು ಮಾಡುವ ಮೊದಲೇ ನೋಡಿಬಿಡಿ. ಲ್ಯಾಬ್‌ಗೆ ಬಂದು ಅರ್ಧ ದಿನ ಕೂತು ನೋಡಿ ಅಂತ ಎಷ್ಟೋ ಜನಕ್ಕೆ ಕರೆದಿದ್ದೇನೆ. ಬರುವವರು ಕಡಿಮೆ.

ಆಲೂರು_ಹುಡುಗಿ
@ಲ್ಯಾಬ್_ಅಣ್ಣ_ಹಾಸನ ನಾನು ಬರುತ್ತೇನೆ ಅಣ್ಣ, ನಿಜವಾಗಿ.

ಬೇಲೂರು_ಪ್ಲಾಂಟರ್
ರೋಗಿಯ ಕಡೆಯ ಮಾತೂ ಒಂದಿರಲಿ. ನಮ್ಮ ಮನೆಯವರಿಗೆ ಕೆಳಗಿನ ಬುದ್ಧಿ ಹಲ್ಲು ನೋವಾಗಿತ್ತು. ಮೊದಲು ಹೋದ ಕಡೆ ಹೊಸ ಡಾಕ್ಟರು ಸುಮಾರು ಹೊತ್ತು ಎಳೆದಾಡಿದರು. ಹಲ್ಲಿನ ಮೇಲ್ಭಾಗ ಬಂತು, ಬೇರು ಒಳಗೇ ಉಳಿಯಿತು. "ಅದು ತಾನಾಗಿ ಹೊರಗೆ ಬರುತ್ತದೆ" ಅಂದು ಕಳಿಸಿದರು. ಮುಖ ಊದಿಕೊಂಡು ಹಾಸನಕ್ಕೆ ಓಡಿದೆವು. ಸರ್ಜನ್ ಓಪಿಜಿ (ಇಡೀ ದವಡೆಯ ಎಕ್ಸ್‌ರೇ) ತೆಗೆಸಿ ನೋಡಿ, ಇದನ್ನು ಮೊದಲೇ ತೆಗೆಸಿದ್ದರೆ ಹಲ್ಲು ಅಡ್ಡ ಮಲಗಿರುವುದು ಕಾಣುತ್ತಿತ್ತು ಅಂದರು.

ಆಮೇಲೆ ನನ್ನದೇ ಹಲ್ಲಿಗೆ ಬೇಲೂರಿನಲ್ಲಿ ಇನ್ನೊಬ್ಬ ಹೊಸ ಹುಡುಗನ ಹತ್ತಿರ ಹೋದೆ. ಅವನು ಎಕ್ಸ್‌ರೇ ತೋರಿಸಿ, "ಸರ್, ಬೇರು ಬಾಗಿದೆ, ಇದು ನನ್ನ ಕೈಯಲ್ಲಿ ಆಗುವುದಿಲ್ಲ, ಹಾಸನಕ್ಕೆ ಹೋಗಿ" ಅಂದ. ಫೀಸೂ ತೆಗೆದುಕೊಳ್ಳಲಿಲ್ಲ. ಈಗ ನಮ್ಮ ಮನೆ ಮಂದಿಯೆಲ್ಲ, ತೋಟದ ರೈಟರ್ ಮಕ್ಕಳು ಸೇರಿ, ಅವನ ಹತ್ತಿರವೇ ಹೋಗುವುದು.

ಮೂಡಿಗೆರೆ_ಮಳೆ
ನೀವು ಒಳ್ಳೆಯವರು ಸರ್. ಬೇರೆ ಕಡೆ ಕಳಿಸಿದರೆ ಹತ್ತರಲ್ಲಿ ಏಳು ಜನ ವಾಪಸ್ ಬರುವುದಿಲ್ಲ. "ಆ ಡಾಕ್ಟರಿಗೆ ಏನೂ ಬರಲ್ಲ" ಅಂತ ಊರೆಲ್ಲ ಹೇಳುತ್ತಾರೆ. ಸಾಲದ ಕಂತು ಕಟ್ಟುವವರಿಗೆ ಗೊತ್ತು ಅದರ ಬಿಸಿ.

ಬಿಎಂ_ರಸ್ತೆ_ಡಾಕ್ಟರ್
ಹತ್ತರಲ್ಲಿ ಏಳು ಅಂತ ಎಣಿಸಿದವರು ಯಾರಪ್ಪ? ಕಂತು ಕಟ್ಟುವ ಒತ್ತಡಕ್ಕೆ ಮುಟ್ಟಬಾರದ ಹಲ್ಲು ಮುಟ್ಟುತ್ತಾರೆ ಅಂತ ನೀನೇ ಒಪ್ಪಿಕೊಂಡ ಹಾಗಾಯಿತಲ್ಲ. ಅದಕ್ಕೇ ಸಾಲ ಮಾಡಿ ಆತುರಕ್ಕೆ ಕ್ಲಿನಿಕ್ ಹಾಕಬೇಡಿ ಅನ್ನುವುದು.

ಮೂಡಿಗೆರೆ_ಮಳೆ
ಒಪ್ಪಿದೆ ಅಂತ ಎಲ್ಲಿ ಹೇಳಿದೆ? ಒತ್ತಡ ಇದೆ ಅಂದೆ. ನಾನು ಈಗಲೂ ಅಡ್ಡ ಮಲಗಿದ ಬುದ್ಧಿ ಹಲ್ಲಿಗೆ ಸರ್ಜನ್ ಕರೆಸುತ್ತೇನೆ.

ಪಾಠ_ಮಾಡೋಳು
ಒಂದು ಡೆಂಟಲ್ ಕಾಲೇಜಿನಲ್ಲಿ ಕಲಿಸುತ್ತೇನೆ. ಯಾವುದು ಅಂತ ಕೇಳಬೇಡಿ. ಎಲ್ಲ ತಪ್ಪೂ ಕಾಲೇಜಿನದು ಅನ್ನುವುದು ಸುಲಭ. ಸ್ವಲ್ಪ ನಮ್ಮ ಕಡೆಯದೂ ಕೇಳಿ.

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ. ಎರಡನೇ ವರ್ಷ ಪ್ರೀಕ್ಲಿನಿಕಲ್, ಅಂದರೆ ಬೊಂಬೆ ತಲೆ, ಪ್ಲಾಸ್ಟಿಕ್ ಹಲ್ಲು, ಪ್ಲಾಸ್ಟರ್. ನಿಜವಾದ ರೋಗಿ ಕೈಗೆ ಸಿಗುವುದು ಮೂರನೇ, ನಾಲ್ಕನೇ ವರ್ಷ. ಅಷ್ಟರಲ್ಲಿ ಎಲ್ಲ ವಿಭಾಗದ ಕೋಟಾ ಮುಗಿಸಬೇಕು. ಇಷ್ಟು ಫಿಲ್ಲಿಂಗ್, ಇಷ್ಟು ಸೆಟ್. ಕೋಟಾ ಎಣಿಕೆ ನೋಡುತ್ತದೆ, ಗುಣ ನೋಡುವುದಿಲ್ಲ, ಅದು ನಿಜ. ಪರೀಕ್ಷೆ ಹತ್ತಿರ ಬಂದಾಗ ಹಲ್ಲಿಲ್ಲದ ಅಜ್ಜಂದಿರನ್ನು ಹುಡುಕಿಕೊಂಡು ವಿದ್ಯಾರ್ಥಿಗಳು ಊರೂರು ಅಲೆದು, ಬಸ್ ಚಾರ್ಜು, ಊಟ ಕೊಟ್ಟು ಕರೆತರುವುದೂ ನಿಜ.

ಆದರೆ ಇದೆಲ್ಲ ಸರಿಹೋಗಲಿ ಅಂತಲೇ ಇಂಟರ್ನ್‌ಶಿಪ್ ಇಟ್ಟಿರುವುದು. ಆ ವರ್ಷ ಪರೀಕ್ಷೆಗೆ ಕೋಟಾ ಮುಗಿಸುವ ಒತ್ತಡ ಇಲ್ಲ. ಎದುರಿಗೆ ರೋಗಿ, ಪಕ್ಕದಲ್ಲಿ ಸೀನಿಯರ್. ಆಗ ಹುಡುಗರು ಎಲ್ಲಿರುತ್ತಾರೆ? ಲೈಬ್ರರಿಯಲ್ಲಿ ಪ್ರವೇಶ ಪರೀಕ್ಷೆಯ ನೀಟ್ ಎಂಡಿಎಸ್ ಪುಸ್ತಕ ಹಿಡಿದು! ಹಾಜರಿ ಹಾಕಿ ಮಾಯ. "ಮೇಡಂ, ಕೇಸ್ ಬೇರೆಯವರಿಗೆ ಕೊಡಿ" ಅಂತ ಅವರೇ ಕೇಳುತ್ತಾರೆ. ಆಮೇಲೆ ಎಂಡಿಎಸ್ ಸೀಟೂ ಸಿಗದೆ, ಕೈಕೆಲಸವೂ ಬರದೆ ಹೊರಗೆ ಬರುತ್ತಾರೆ.

2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿ ಕೊನೆ ವರ್ಷದವರಿಗೆ ನೆಕ್ಸ್ಟ್ ಪರೀಕ್ಷೆ ಇದೆ. ಅದೇ ಲೈಸೆನ್ಸ್‌ಗೂ, ಅದೇ ಎಂಡಿಎಸ್ ಪ್ರವೇಶಕ್ಕೂ. ಇಂಟರ್ನ್‌ಶಿಪ್ ವರ್ಷ ಓದಿನಿಂದ ಬಿಡುಗಡೆ ಆದರೆ ಒಳ್ಳೆಯದೇ. ಇಲ್ಲವಾದರೆ ಕೋಚಿಂಗ್ ಮೂರನೇ ವರ್ಷಕ್ಕೇ ಶುರುವಾಗುತ್ತದೆ, ಅಷ್ಟೇ.

ಇಂಟರ್ನ್_ಪಾಪ
ಮೇಡಂ, ಸ್ಟೈಪೆಂಡ್ ಬಗ್ಗೆಯೂ ಎರಡು ಮಾತು ಬರೆಯಿರಿ 🙏

ಪಾಠ_ಮಾಡೋಳು
ಅದಕ್ಕೆ ಬೇರೆ ಥ್ರೆಡ್ ಬೇಕಪ್ಪ.

ಅರಸೀಕೆರೆ_ತೆಂಗು
ಒಂದು ವಿಷಯ ಯಾರೂ ಹೇಳಲಿಲ್ಲ. ಊರಿಂದ ಊರಿಗೆ ಬಾಯಿ ಬೇರೆ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ, ದಾಟಿದ ಊರುಗಳಿವೆ. ಮಕ್ಕಳ ಹಲ್ಲಲ್ಲಿ ಕಂದು ಕಲೆ. ಮದುವೆ ಗೊತ್ತಾದ ಹುಡುಗಿ ಬಂದು "ಬೆಳ್ಳಗೆ ಮಾಡಿ" ಅಂತಾಳೆ. ಪುಸ್ತಕದಲ್ಲಿ ಫ್ಲೋರೋಸಿಸ್ ಒಂದು ಪ್ರಶ್ನೆಗೆ ಉತ್ತರ, ಇಲ್ಲಿ ದಿನದ ಕೆಲಸ. ಸ್ಕೇಲಿಂಗ್‌ನಲ್ಲಿ ಆ ಕಲೆ ಹೋಗುವುದಿಲ್ಲ ಅಂತ ಹೇಳಿ ಒಪ್ಪಿಸುವುದೇ ದೊಡ್ಡ ಕೆಲಸ.

ತೋಟದ ಕಡೆ ಬೇರೆ ಕಥೆ. ಎಲೆ ಅಡಿಕೆ ಹೊಗೆಸೊಪ್ಪು, ಪಾನ್ ಮಸಾಲ. ಗುಟ್ಕಾ 2013ರಲ್ಲೇ ರಾಜ್ಯದಲ್ಲಿ ನಿಷೇಧ ಆಯಿತು. ಈಗ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಬಾಯಲ್ಲಿ ಎರಡೂ ಸೇರುತ್ತವೆ. "ಖಾರ ತಿಂದರೆ ಉರಿ" ಅಂತ ಬಂದವರಿಗೆ ಅವರದೇ ಮೂರು ಬೆರಳು ಬಾಯೊಳಗೆ ಇಡಲು ಹೇಳಿ. ಹೋಗದಿದ್ದರೆ ಹಲ್ಲು ಬಿಟ್ಟು ಕೆನ್ನೆಯ ಒಳಗೆ ನೋಡಿ. ಬಿಳಿಚಿ ಬಿಗಿದುಕೊಂಡಿರುತ್ತದೆ. ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಹಲ್ಲು ನೋವಿಗೆ ಬಂದವನಲ್ಲಿ ಇದನ್ನು ಹಿಡಿಯುವ ಹೊಸ ಡಾಕ್ಟರು ನನ್ನ ಲೆಕ್ಕದಲ್ಲಿ ಪಾಸ್. ರೂಟ್ ಕೆನಾಲ್ ನಿಧಾನಕ್ಕೆ ಬರುತ್ತದೆ.

ಕಾಫಿ_ಕಣ
ನಿಜ. ನಮ್ಮ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಹಲ್ಲು ನೋವಿಗೆ ಹೊಗೆಸೊಪ್ಪೇ ಔಷಧಿ. ಕೊಯ್ಲು ಮುಗಿದು ಬಟವಾಡೆ ಆಗುವವರೆಗೆ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಆಲೂರಿನಲ್ಲಿ ಕ್ಲಿನಿಕ್ ಹಾಕಿದರೆ ಮಳೆಗಾಲದಲ್ಲಿ ನೊಣ ಹೊಡೆಯಬೇಕಾಗುತ್ತದೆ, ಲೆಕ್ಕ ಇಟ್ಟುಕೊಳ್ಳಿ ಮೇಡಂ.

ಕಡೂರು_ಎಕ್ಸ್‌ಪ್ರೆಸ್
ಅಂದಹಾಗೆ ರೋಬಸ್ಟಾ ರೇಟ್ ಎಷ್ಟಿದೆ ಈಗ?

ಕಾಫಿ_ಕಣ
ನನ್ನ ಹತ್ತಿರ ಸ್ಟಾಕ್ ಇದ್ದಾಗ ಕಡಿಮೆ. ಮಾರಿದ ಮೇಲೆ ಜಾಸ್ತಿ.

ಸಾಲಗಾಮೆ_ರಸ್ತೆ
ಥ್ರೆಡ್ ತಪ್ಪಿಸಬೇಡಿ ಸ್ವಾಮಿ. ಕಾಗದ ಪತ್ರದ ಬಗ್ಗೆ ಹೇಳುತ್ತೇನೆ, ಕಾಲೇಜು ಇದನ್ನಂತೂ ಕಲಿಸುವುದಿಲ್ಲ. ಕೌನ್ಸಿಲ್ ನೋಂದಣಿ ಇದ್ದರೆ ಬೋರ್ಡ್ ಹಾಕಬಹುದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಸಾಲದು. ಕೆಪಿಎಂಇ ಅಂತ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ 2007ರ ರಾಜ್ಯ ಕಾಯ್ದೆ ಇದೆ, ಅದರಡಿ ಕ್ಲಿನಿಕ್ ಬೇರೆಯಾಗಿ ನೋಂದಣಿ ಆಗಬೇಕು. ಚಿಕಿತ್ಸೆಯ ದರ ರೋಗಿಗಳಿಗೆ ಕಾಣುವ ಹಾಗೆ ಹಾಕಬೇಕು. ಎಕ್ಸ್‌ರೇ ಮಿಷನ್‌ಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಆನ್‌ಲೈನ್ ನೋಂದಣಿ. ಕಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಜೊತೆಗೆ ಕಸ ಒಯ್ಯುವ ಏಜೆನ್ಸಿ ಜೊತೆ ಒಪ್ಪಂದ. 2016ರ ನಿಯಮದ ಪ್ರಕಾರ ಕಿತ್ತ ಹಲ್ಲು, ರಕ್ತದ ಹತ್ತಿ ಹಳದಿ ಚೀಲಕ್ಕೆ. ಸೂಜಿ, ಬ್ಲೇಡ್ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆಸಿಕೊಳ್ಳಿ, ಓದಿ ಹೇಳಿ. ವೈದ್ಯರೂ ಗ್ರಾಹಕ ಕಾನೂನಿಗೆ ಬರುತ್ತಾರೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಗ ನಿಮ್ಮನ್ನು ಕಾಯುವುದು ಎಕ್ಸ್‌ರೇ ಮತ್ತು ನೀವು ಬರೆದಿಟ್ಟ ಕೇಸ್ ಶೀಟ್. ಬಾಯಿ ಮಾತು ನಿಲ್ಲುವುದಿಲ್ಲ.

ಕೊಪ್ಪದ_ಮಾಣಿ
ಬ್ರಿಟನ್‌ನಲ್ಲಿ ನನ್ನ ಅತ್ತಿಗೆ ಡೆಂಟಿಸ್ಟ್. ಅಲ್ಲಿ ಡಿಗ್ರಿ ಮುಗಿದವರು ಸರ್ಕಾರಿ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕಾದರೆ ಮೊದಲು ಒಂದು ವರ್ಷ ಫೌಂಡೇಶನ್ ಟ್ರೈನಿಂಗ್ ಮಾಡುತ್ತಾರೆ. ಕಾಲೇಜಲ್ಲಲ್ಲ, ನಿಜವಾದ ಕ್ಲಿನಿಕ್‌ನಲ್ಲಿ, ಸಂಬಳದ ಮೇಲೆ, ಕಲಿಸಲು ಗೊತ್ತುಮಾಡಿದ ಹಿರಿಯರ ಕೈಕೆಳಗೆ. ಇಲ್ಲಿ ಇಂಟರ್ನ್‌ಶಿಪ್ ಬಹುಪಾಲು ಕಾಲೇಜಿನ ಒಳಗೇ ಸುತ್ತುತ್ತದೆ. ಅದರಲ್ಲಿ ಒಂದಿಷ್ಟು ತಿಂಗಳು ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಿಸಿದರೆ ಏನು ಕಷ್ಟ?

ಅರಸೀಕೆರೆ_ತೆಂಗು
ಕೂರಿಸಬಹುದು. ಎಷ್ಟೋ ಕಡೆ ಚೇರ್ ಇದ್ದರೆ ಕಂಪ್ರೆಸರ್ ಇರುವುದಿಲ್ಲ, ಕಂಪ್ರೆಸರ್ ಇದ್ದರೆ ಕರೆಂಟ್ ಇರುವುದಿಲ್ಲ. ಹಲ್ಲು ಕೀಳುವುದೊಂದೇ ಕಲಿತು ಬರುತ್ತಾರೆ.

ಆಲೂರು_ಹುಡುಗಿ
ಎಲ್ಲರ ಉತ್ತರವನ್ನೂ ಅಪ್ಪನಿಗೆ ಓದಿ ಹೇಳಿದೆ. ಚಾರ್ಮಾಡಿ ಮಾತಿಗೆ ನಕ್ಕರು, ಕೆಪಿಎಂಇಗೆ ಮುಖ ಗಂಟಿಕ್ಕಿದರು. ಹಾಸನದಲ್ಲಿ ಅಸಿಸ್ಟೆಂಟ್ ಕೆಲಸ ನೋಡುತ್ತೇನೆ, ಆದರೆ ಮೂಡಿಗೆರೆ ಸರ್ ಹೇಳಿದ ಹಾಗೆ ಬರೀ ಸಕ್ಷನ್ ಹಿಡಿಯುವ ಕಡೆ ಸೇರುವುದಿಲ್ಲ. ಸೇರುವ ಮೊದಲು ಏನು ಕೇಳಬೇಕು? ಮತ್ತೆ ಒಂದು ಅನುಮಾನ: ಕೆಳದವಡೆ ಹಲ್ಲು ತುಂಬಾ ನೋಯುತ್ತಿರುವಾಗ ಬ್ಲಾಕ್ (ನರ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟರೂ ಮರಗಟ್ಟುವುದಿಲ್ಲ, ಯಾಕೆ? ನನಗೆ ಇಂಜೆಕ್ಷನ್ ಕೊಡಲೇ ಬರುವುದಿಲ್ಲವೇನೋ ಅನ್ನಿಸಿಬಿಟ್ಟಿದೆ.

ಬಿಎಂ_ರಸ್ತೆ_ಡಾಕ್ಟರ್
ಮೊದಲು ಬ್ಲಾಕ್. ತುಟಿ ಮರಗಟ್ಟಿದ್ದರೆ ನಿನ್ನ ಬ್ಲಾಕ್ ಸರಿಯಾಗಿಯೇ ಬಿದ್ದಿದೆ. ಹಲ್ಲಿನ ಒಳಗಿನ ನರ ಉರಿತಕ್ಕೆ ಸಿಕ್ಕಿದ್ದರೆ ಔಷಧಿ ಎಂದಿನಂತೆ ಕೆಲಸ ಮಾಡುವುದಿಲ್ಲ. ಅದು ದೊಡ್ಡ ದೊಡ್ಡವರಿಗೂ ಆಗುತ್ತದೆ. ಸ್ವಲ್ಪ ಕಾಯಿ, ಕೆನ್ನೆ ಕಡೆಯಿಂದ ಇನ್ನೊಂದಿಷ್ಟು ಕೊಡು, ಆಗದಿದ್ದರೆ ಹಲ್ಲು ಮತ್ತು ಮೂಳೆಯ ನಡುವಿನ ಸಂದಿಗೆ ಕೊಡು. ಕೊಟ್ಟ ಒಟ್ಟು ಔಷಧಿಯ ಲೆಕ್ಕ ತಪ್ಪಬಾರದು, ಹೃದಯದ ತೊಂದರೆ ಇರುವವರಲ್ಲಿ ಅದರಲ್ಲಿ ಬೆರೆಸಿರುವ ಅಡ್ರಿನಲಿನ್ ಲೆಕ್ಕವೂ. ತುಟಿಯೇ ಮರಗಟ್ಟದಿದ್ದರೆ ಮಾತ್ರ ಜಾಗ ತಪ್ಪಿದೆ ಅಂತ.

ಇನ್ನು ಕೇಳಬೇಕಾದ್ದು. ನನ್ನ ಕೇಸ್ ಅಂತ ಒಂದು ಚೇರ್ ಇರುತ್ತದಾ? ದವಡೆ ಹಲ್ಲಿನ ರೂಟ್ ಕೆನಾಲ್ ನಾನು ಶುರು ಮಾಡಿ ನಾನೇ ಮುಗಿಸಬಹುದಾ, ಸಿಕ್ಕಿಹಾಕಿಕೊಂಡರೆ ನೀವು ಬರುತ್ತೀರಾ? ಕನ್ಸಲ್ಟಂಟ್ ಬಂದಾಗ ಪಕ್ಕ ನಿಲ್ಲಬಹುದಾ? ಹೊಸ ರೋಗಿಯನ್ನು ಮೊದಲು ನಾನು ನೋಡಿ ನನ್ನ ಯೋಜನೆ ಬರೆದು, ಆಮೇಲೆ ನಿಮ್ಮದರ ಜೊತೆ ಹೋಲಿಸಬಹುದಾ? ಈ ಕೊನೆಯದಕ್ಕೆ ಹೂಂ ಅಂದರೆ ಸಂಬಳ ಸ್ವಲ್ಪ ಕಡಿಮೆ ಇದ್ದರೂ ಸೇರು.

ಮೂಡಿಗೆರೆ_ಮಳೆ
ಸಂಬಳ ಎಷ್ಟು ಅಂತಲೂ ಕೇಳು ತಂಗಿ. ನಾಚಿಕೆ ಬೇಡ. ದುಡ್ಡಿನ ಮಾತು ಅಲ್ಲಿಂದಲೇ ಕಲಿ, ಆಮೇಲೆ ರೋಗಿ ಹತ್ತಿರ ಹೇಳಲು ಕಷ್ಟ ಆಗುವುದಿಲ್ಲ. ಮತ್ತೆ ಎಕೋಸ್ಪ್ರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಆಸ್ಪಿರಿನ್) ತೆಗೆದುಕೊಳ್ಳುವವರು ಬಂದರೆ ನೀನಾಗಿ ಮಾತ್ರೆ ನಿಲ್ಲಿಸಲು ಹೇಳಬೇಡ. ಒಂದೆರಡು ಹಲ್ಲು ಕೀಳಲು ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ಒತ್ತಿ ಹಿಡಿ, ಬೇಕಾದರೆ ಹೊಲಿಗೆ ಹಾಕು.

ಬಿಎಂ_ರಸ್ತೆ_ಡಾಕ್ಟರ್
ಇದು ಸರಿಯಾದ ಮಾತು. ಅವರ ಡಾಕ್ಟರಿಗೆ ಒಂದು ಫೋನ್ ಮಾಡುವುದನ್ನೂ ಸೇರಿಸು.

ಇಂಟರ್ನ್_ಪಾಪ
ಒಂದು ಸಣ್ಣ ಪ್ರಶ್ನೆ. ನನ್ನ ಫ್ರೆಂಡ್ ಚಿಕ್ಕಮಗಳೂರಲ್ಲಿ ಕ್ಲಿನಿಕ್ ಹಾಕುತ್ತಿದ್ದಾನೆ. ಪ್ರೆಶರ್ ಕುಕ್ಕರ್ ತರದ ಹಳೇ ಆಟೋಕ್ಲೇವ್ (ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿ ಕಳೆಯುವ ಮಿಷನ್) ಕಡಿಮೆಗೆ ಸಿಗುತ್ತಿದೆಯಂತೆ. ಸಾಕಾಗುತ್ತದಾ?

ಸಾಲಗಾಮೆ_ರಸ್ತೆ
ಪ್ಯಾಕ್ ಮಾಡದ ಫೋರ್ಸೆಪ್ಸ್, ಕನ್ನಡಿ, ಪ್ರೋಬ್‌ಗೆ ಸಾಕು. 121 ಡಿಗ್ರಿ, 15 ಪೌಂಡ್ ಒತ್ತಡ, ಅದು ಮುಟ್ಟಿದ ಮೇಲೆ 15ರಿಂದ 20 ನಿಮಿಷ. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಒಳಗೆ ಸಣ್ಣ ಕೊಳವೆ ಇರುತ್ತದೆ, ಅಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಇರುವ ಕ್ಲಾಸ್ ಬಿ ಬೇಕು. ಚೇರ್ ಸೆಕೆಂಡ್ ಹ್ಯಾಂಡ್ ತಗೊಳ್ಳಲಿ, ಇದನ್ನು ಮಾತ್ರ ಹೊಸದು ತಗೊಳ್ಳಲು ಹೇಳಿ.